ಒಪ್ಪಿಕೊಂಡವನಿಗೂ ಒಂದು ಬಾಗಿಲು

ಮದುವೆಯೊಂದರ ಊಟ ಮುಗಿಸಿ ನಾವು ನಾಲ್ಕೈದು ಮಂದಿ ಶಾಮಿಯಾನದ ಒಂದು ಮೂಲೆಯಲ್ಲಿ ಕುಳಿತಿದ್ದೆವು. ಯಾರದೋ ಕೈಯಲ್ಲಿದ್ದ ಪತ್ರಿಕೆಯಲ್ಲಿ ಒಂದು ಸಣ್ಣ ಸುದ್ದಿಯಿತ್ತು. ಕೊಲೆ ಆರೋಪವನ್ನು ನ್ಯಾಯಾಲಯದಲ್ಲಿ ತಾನೇ ಒಪ್ಪಿಕೊಂಡು ಶಿಕ್ಷೆ ಪಡೆದವನೊಬ್ಬ ಈಗ ಆ ತೀರ್ಪಿನ ವಿರುದ್ಧ ಮೇಲಿನ ನ್ಯಾಯಾಲಯಕ್ಕೆ ಹೋಗಿದ್ದಾನೆ ಎಂಬ ಸುದ್ದಿ. ನಮ್ಮಲ್ಲಿ ಹಿರಿಯರಾದ ಹಾಜಿಯವರು ಕನ್ನಡಕ ತೆಗೆದು ಕೇಳಿದರು: ‘ಅಲ್ಲ ಮಾರಾಯ, ನಾನೇ ಕೊಂದೆ ಅಂತ ಜಡ್ಜಿಯ ಎದುರು ಹೇಳಿದ ಮೇಲೆ ಮತ್ತೆ ಎಂಥ ಅಪೀಲು? ಅದು ಮೋಸ ಅಲ್ಲವಾ?’

ಕುಳಿತವರೆಲ್ಲ ತಲೆಯಾಡಿಸಿದರು. ನಾನೂ ಆಡಿಸಿದೆನೇನೋ. ಆದರೆ ಮನೆಗೆ ಬಂದ ಮೇಲೆ ಆ ಪ್ರಶ್ನೆ ನನ್ನನ್ನು ಬಿಡಲಿಲ್ಲ. ಅದಕ್ಕೆ ಕಾರಣ ಕಾನೂನಲ್ಲ, ನನ್ನ ಬಾಲ್ಯದ ಒಂದು ಘಟನೆ.

ನಾನು ಆರನೇ ತರಗತಿಯಲ್ಲಿದ್ದಾಗ ನಮ್ಮ ಮೇಷ್ಟ್ರ ಶಾಯಿ ಪೆನ್ನು ಕಾಣೆಯಾಯಿತು. ತೆಗೆದವರು ಒಪ್ಪಿಕೊಳ್ಳುವ ತನಕ ಯಾರನ್ನೂ ಮನೆಗೆ ಬಿಡುವುದಿಲ್ಲ ಎಂದು ಅವರು ಬಾಗಿಲಿಗೆ ಕುರ್ಚಿ ಹಾಕಿ ಕುಳಿತರು. ಹೊರಗೆ ಮಳೆ ಸುರಿಯುತ್ತಿತ್ತು. ದೂರದ ಮಕ್ಕಳಿಗೆ ಕೊನೆಯ ಬಸ್ಸು ತಪ್ಪುವ ಹೊತ್ತಾಗಿತ್ತು. ಹುಡುಗಿಯರು ಅಳತೊಡಗಿದ್ದರು. ನಾನು ಎದ್ದು ನಿಂತು ‘ನಾನೇ ಸಾರ್’ ಎಂದೆ. ಎರಡು ಏಟು ಬಿತ್ತು, ಎಲ್ಲರೂ ಮನೆಗೆ ಹೋದರು. ಮರುದಿನದಿಂದ ನನ್ನ ಹೆಸರು ‘ಪೆನ್ನು ಕಳ್ಳ’ ಎಂದಾಯಿತು. ತಡೆಯಲಾರದೆ ಮುಖ್ಯೋಪಾಧ್ಯಾಯರ ಬಳಿ ಹೋಗಿ, ನಾನು ತೆಗೆದಿಲ್ಲ ಸಾರ್ ಎಂದೆ. ಅವರು ಕೇಳಿದ ಪ್ರಶ್ನೆ ಇಂದಿಗೂ ನೆನಪಿದೆ: ‘ನಿನ್ನೆ ಸುಳ್ಳು ಹೇಳಿದ್ದಾ, ಇವತ್ತು ಸುಳ್ಳು ಹೇಳುವುದಾ?’ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವರ್ಷದ ನಂತರ ಹಳೆಯ ಮೇಜನ್ನು ರಿಪೇರಿಗೆ ಬಿಚ್ಚಿದಾಗ ಡ್ರಾಯರಿನ ಹಿಂದಿನ ಸಂದಿಯಲ್ಲಿ ಆ ಪೆನ್ನು ಸಿಕ್ಕಿತು. ಅದನ್ನು ಯಾರೂ ಕದ್ದಿರಲಿಲ್ಲ. ಕಳ್ಳತನವೇ ನಡೆದಿರಲಿಲ್ಲ. ಆದರೆ ಒಬ್ಬ ಒಪ್ಪಿಕೊಂಡ ಕಾರಣಕ್ಕೆ ಯಾರೂ ಆ ಮೇಜಿನ ಸಂದಿಯನ್ನು ಹುಡುಕಿರಲಿಲ್ಲ.

ಪೆನ್ನಿನ ವಿಷಯ ನಗುವ ಮಾತು. ಆದರೆ ಪೆನ್ನಿನ ಜಾಗದಲ್ಲಿ ಒಂದು ಹೆಣವಿದ್ದರೆ? ಎರಡು ಏಟಿನ ಜಾಗದಲ್ಲಿ ನೇಣು ಇದ್ದರೆ? ‘ನಿನ್ನೆ ಸುಳ್ಳಾ, ಇವತ್ತು ಸುಳ್ಳಾ’ ಎಂಬ ಪ್ರಶ್ನೆಯನ್ನು ಆಗಲೂ ನಾವು ಅಷ್ಟೇ ಸುಲಭವಾಗಿ ಕೇಳಬಹುದೇ?

ಗ್ಯಾಸಿನ ಕೋಣೆಗೆ ಹೆದರಿದವನು

ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದಲ್ಲಿ 1963ರ ಡಿಸೆಂಬರ್‌ನಲ್ಲಿ ಹೆನ್ರಿ ಆಲ್ಫರ್ಡ್ ಎಂಬಾತನ ಮೇಲೆ ಮೊದಲ ದರ್ಜೆಯ ಕೊಲೆಯ ಆರೋಪ ಹೊರಿಸಲಾಯಿತು. ಅಂದಿನ ಅಲ್ಲಿನ ಕಾನೂನಿನ ಏರ್ಪಾಡು ವಿಚಿತ್ರವಾಗಿತ್ತು. ಆರೋಪಿಯು ತನ್ನ ನಿರಪರಾಧಿತ್ವಕ್ಕಾಗಿ ಹೋರಾಡಿ ಸೋತರೆ, ಜ್ಯೂರಿಯವರು ಕರುಣೆ ತೋರದಿದ್ದಲ್ಲಿ ಸಾವು. ಹೋರಾಡದೆ ಒಪ್ಪಿಕೊಂಡರೆ ಜೀವ ಉಳಿಯುತ್ತದೆ. ಆಲ್ಫರ್ಡ್‌ನ ವಿರುದ್ಧ ಸಾಕ್ಷ್ಯ ಬಲವಾಗಿತ್ತು. ಎರಡನೇ ದರ್ಜೆಯ ಕೊಲೆಯನ್ನು ಒಪ್ಪಿಕೊಂಡರೆ ಗರಿಷ್ಠ 30 ವರ್ಷ ಜೈಲು ಎಂದಾಯಿತು. ಆತ ಒಪ್ಪಿಕೊಂಡ. ಆದರೆ ಒಪ್ಪಿಕೊಳ್ಳುವಾಗಲೇ ನ್ಯಾಯಾಧೀಶರೆದುರು, ತಾನು ಯಾರನ್ನೂ ಕೊಂದಿಲ್ಲವೆಂದೂ ಗ್ಯಾಸಿನ ಕೋಣೆಯ ಭಯದಿಂದ ಹೀಗೆ ಹೇಳುತ್ತಿದ್ದೇನೆಂದೂ ತಿಳಿಸಿದ. ನ್ಯಾಯಾಧೀಶರು ಅವನ ಒಪ್ಪಿಗೆಯನ್ನು ಸ್ವೀಕರಿಸಿ 30 ವರ್ಷ ವಿಧಿಸಿದರು.

ಆಮೇಲೆ ಆತ ಮೇಲಿನ ನ್ಯಾಯಾಲಯಗಳ ಬಾಗಿಲು ತಟ್ಟಿದ. ಭಯದಿಂದ ಬಂದ ಒಪ್ಪಿಗೆ ಸ್ವಇಚ್ಛೆಯ ಒಪ್ಪಿಗೆಯಲ್ಲ ಎಂಬುದು ಅವನ ವಾದ. 1968ರಲ್ಲಿ ಫೆಡರಲ್ ಮೇಲ್ಮನವಿ ನ್ಯಾಯಾಲಯ ಅವನ ಮಾತನ್ನು ಎತ್ತಿಹಿಡಿಯಿತು. ಆದರೆ 1970ರ ನವೆಂಬರ್ 23ರಂದು ಅಮೆರಿಕದ ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಆರು ಮಂದಿ ನ್ಯಾಯಮೂರ್ತಿಗಳ ಅಭಿಪ್ರಾಯ ಹೀಗಿತ್ತು: ಎರಡು ದಾರಿಗಳಲ್ಲಿ ತನಗೆ ಕಡಿಮೆ ಹಾನಿಯ ದಾರಿಯನ್ನು ಆತ ತಿಳಿದೇ ಆರಿಸಿದ್ದಾನೆ, ಎದುರಿಗೆ ಬಲವಾದ ಸಾಕ್ಷ್ಯವೂ ಇತ್ತು, ಆದ್ದರಿಂದ ಬಾಯಲ್ಲಿ ‘ನಾನು ಕೊಂದಿಲ್ಲ’ ಎಂದರೂ ಒಪ್ಪಿಗೆ ಊರ್ಜಿತವೇ. ನ್ಯಾಯಮೂರ್ತಿ ಬ್ರೆನ್ನನ್ ಸೇರಿದಂತೆ ಮೂವರು ಇದಕ್ಕೆ ಒಪ್ಪಲಿಲ್ಲ. ಸಾವಿನ ಭಯ ಹಿಡಿದಿರುವವನ ಆಯ್ಕೆಯನ್ನು ಸ್ವತಂತ್ರ ಆಯ್ಕೆ ಎನ್ನಲಾಗದು ಎಂದು ಅವರು ಬರೆದರು. ಆಲ್ಫರ್ಡ್ 1975ರಲ್ಲಿ ಜೈಲಿನಲ್ಲೇ ತೀರಿಕೊಂಡ. ‘ನಾನು ಮಾಡಿಲ್ಲ, ಆದರೂ ಒಪ್ಪುತ್ತೇನೆ’ ಎಂಬ ಒಪ್ಪಿಗೆಗೆ ಅಮೆರಿಕದ ಕಾನೂನಿನಲ್ಲಿ ಇಂದಿಗೂ ಅವನದೇ ಹೆಸರು.

ಆಲ್ಫರ್ಡ್ ನಿಜಕ್ಕೂ ಕೊಂದನೋ ಇಲ್ಲವೋ ಎಂಬುದನ್ನು ಇಲ್ಲಿ ಕುಳಿತು ನಿರ್ಣಯಿಸಲು ಸಾಧ್ಯವಿಲ್ಲ. ಸಾಕ್ಷ್ಯಗಳು ಅವನ ವಿರುದ್ಧವೇ ಇದ್ದವು. ಆದರೆ ನನ್ನನ್ನು ಕಾಡುವುದು ಬೇರೆ ಸಂಗತಿ. ಅವನು ಕೊಂದಿದ್ದರೆ ಆ ಒಪ್ಪಿಗೆ ಅವನಿಗೆ ಲಾಭ ತಂದಿತು. ಕೊಂದಿಲ್ಲದಿದ್ದರೆ ಅದೇ ಒಪ್ಪಿಗೆ ಅವನನ್ನು ಮುಗಿಸಿತು. ಹಾಗಾದರೆ ಇಬ್ಬರೂ ಒಂದೇ ರೀತಿಯಲ್ಲಿ ಆಡಬಹುದಾದ ಆ ಮಾತಿನಿಂದ ಸತ್ಯದ ಬಗ್ಗೆ ನಮಗೆ ತಿಳಿಯುವುದಾದರೂ ಏನು?

ಅದೇ ದೇಶದ ಅರ್ಕಾನ್ಸಾಸ್ ರಾಜ್ಯದಲ್ಲಿ ನಡೆದದ್ದು ಇದಕ್ಕಿಂತ ವಿಚಿತ್ರ. 1993ರಲ್ಲಿ ನಡೆದ ಮೂವರು ಬಾಲಕರ ಕೊಲೆಗಾಗಿ ಮೂವರು ಯುವಕರು 18 ವರ್ಷ ಜೈಲಿನಲ್ಲಿದ್ದರು, ಅವರಲ್ಲಿ ಒಬ್ಬನಿಗೆ ಮರಣದಂಡನೆಯಾಗಿತ್ತು. ಹೊಸ ಪರೀಕ್ಷೆಗಳು ಪ್ರಕರಣವನ್ನು ಅಲುಗಾಡಿಸಿದ ಮೇಲೆ 2011ರ ಆಗಸ್ಟ್ 19ರಂದು ಮೂವರೂ ಹೊರಬಂದರು. ಹೇಗೆ? ತಾವು ನಿರಪರಾಧಿಗಳೆಂದು ಸಾರುತ್ತಲೇ ತಪ್ಪೊಪ್ಪಿಗೆಗೆ ಸಹಿ ಮಾಡಿ! ಒಪ್ಪದಿದ್ದರೆ ಹೊಸ ವಿಚಾರಣೆಗಾಗಿ ಒಳಗೇ ಕಾಯಬೇಕು, ಒಪ್ಪಿದರೆ ಆ ದಿನವೇ ಮನೆ. ಇಲ್ಲಿ ತಪ್ಪೊಪ್ಪಿಗೆ ಸತ್ಯದ ಮಾತಾಗಿರಲಿಲ್ಲ, ಜೈಲಿನ ಬೀಗದ ಕೈಯಾಗಿತ್ತು.

ಕೊಂದದ್ದು ಬೇರೆ, ಕೊಲೆ ಬೇರೆ

ಒಪ್ಪಿಗೆ ಎಂದರೆ ನಾವು ಒಂದೇ ಮಾತು ಎಂದುಕೊಳ್ಳುತ್ತೇವೆ. ನಿಜವಾಗಿ ಅದರಲ್ಲಿ ಮೂರು ಮಾತುಗಳಿವೆ. ‘ಇದು ನನ್ನ ಕೈಯಿಂದ ನಡೆಯಿತು’ ಎಂಬುದು ಒಂದು. ‘ಇದಕ್ಕೆ ಕಾನೂನಿನಲ್ಲಿರುವ ಹೆಸರು ಇಂಥದ್ದು’ ಎಂಬುದು ಎರಡನೆಯದು. ‘ನನ್ನ ಪರವಾಗಿ ಇನ್ನು ವಾದಿಸುವುದಿಲ್ಲ, ನೀವು ಕೊಡುವ ಶಿಕ್ಷೆಗೆ ಸಿದ್ಧ’ ಎಂಬುದು ಮೂರನೆಯದು. ಮೊದಲನೆಯದು ಸಂಗತಿ, ಎರಡನೆಯದು ತೀರ್ಮಾನ, ಮೂರನೆಯದು ಶರಣಾಗತಿ. ಮೊದಲನೆಯದನ್ನು ಆರೋಪಿ ಬಲ್ಲ. ಎರಡನೆಯದನ್ನು ಆತ ಹೇಗೆ ಬಲ್ಲ?

ನಮ್ಮ ದೇಶದ ಕಾನೂನಿನಲ್ಲಿ ಮನುಷ್ಯನ ಸಾವಿಗೆ ಕಾರಣನಾದವನೆಲ್ಲ ಕೊಲೆಗಾರನಲ್ಲ. ಹಿಂದಿನ ಭಾರತೀಯ ದಂಡ ಸಂಹಿತೆಯ 300ನೇ ಸೆಕ್ಷನ್, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 101ನೇ ಸೆಕ್ಷನ್ ಕೊಲೆ ಎಂದರೇನೆಂದು ವಿವರಿಸುತ್ತವೆ. ಅದರಲ್ಲೇ ವಿನಾಯಿತಿಗಳೂ ಇವೆ. ಥಟ್ಟನೆ ಕೆರಳಿಸಿದಾಗ ಹತೋಟಿ ತಪ್ಪಿ ಹೊಡೆದದ್ದು, ಪೂರ್ವಯೋಜನೆಯಿಲ್ಲದ ಹೊಡೆದಾಟದಲ್ಲಿ ಆದದ್ದು, ಆತ್ಮರಕ್ಷಣೆಯ ಹಕ್ಕನ್ನು ಸದುದ್ದೇಶದಿಂದ ಮೀರಿದ್ದು. ಇವು ಅಪರಾಧಗಳೇ, ಆದರೆ ಕೊಲೆಯಲ್ಲ. ಕೊಲೆಗೆ ಮರಣದಂಡನೆ ಅಥವಾ ಜೀವಾವಧಿ. ಕೊಲೆಯಲ್ಲದ ನರಹತ್ಯೆಗೆ ಅದಕ್ಕಿಂತ ಕಡಿಮೆ ಶಿಕ್ಷೆಗೂ ದಾರಿಯಿದೆ. ಇನ್ನು ಆತ್ಮರಕ್ಷಣೆಯ ಮಿತಿಯೊಳಗೇ ಆದ ಸಾವಾದರೆ ಅದು ಅಪರಾಧವೇ ಅಲ್ಲ.

ಜಮೀನಿನ ಬದುವಿನ ಮೇಲೆ ಜಗಳವಾಗಿ, ಎದುರಾಳಿ ಎತ್ತಿದ ಕತ್ತಿಯನ್ನು ಕಿತ್ತು ತಿರುಗಿಸಿ ಬೀಸಿದ ಒಬ್ಬ ಕೂಲಿಯನ್ನು ಕಲ್ಪಿಸಿಕೊಳ್ಳಿ. ನ್ಯಾಯಾಲಯದಲ್ಲಿ ಅವನನ್ನು ‘ಕೊಲೆ ಮಾಡಿದ್ದು ಒಪ್ಪುತ್ತೀಯಾ’ ಎಂದು ಕೇಳುತ್ತಾರೆ. ಅವನ ಕಿವಿಗೆ ಬೀಳುವುದು ‘ಅವನು ನಿನ್ನ ಕೈಯಿಂದ ಸತ್ತದ್ದು ಹೌದಾ’ ಎಂದು. ಆತ ‘ಹೌದು ಸ್ವಾಮಿ’ ಎನ್ನುತ್ತಾನೆ. ಅವನು ಸುಳ್ಳು ಹೇಳಲಿಲ್ಲ. ಆದರೆ ಅವನು ಹೇಳಿದ್ದು ಒಂದು, ದಾಖಲಾದದ್ದು ಇನ್ನೊಂದು. ನಾಳೆ ಆತ ಮೇಲ್ಮನವಿ ಹಾಕಿದರೆ ಅದನ್ನು ಮೋಸ ಎನ್ನಬಹುದೇ? ಆತ ತನ್ನ ಮಾತಿನಿಂದ ಹಿಂದೆ ಸರಿಯುತ್ತಿಲ್ಲ, ತನ್ನ ಮಾತಿಗೆ ಬೇರೆಯವರು ಇಟ್ಟ ಹೆಸರನ್ನು ಪ್ರಶ್ನಿಸುತ್ತಿದ್ದಾನೆ.

ಇಂಗ್ಲೆಂಡಿನ ನ್ಯಾಯಾಲಯಗಳು ಇದನ್ನು ಬಹಳ ಹಿಂದೆಯೇ ಗುರುತಿಸಿದ್ದವು. 1923ರ ಫೋರ್ಡ್ ಪ್ರಕರಣದಲ್ಲಿ ಅಲ್ಲಿನ ಮೇಲ್ಮನವಿ ನ್ಯಾಯಾಲಯ, ತಪ್ಪೊಪ್ಪಿಕೊಂಡವನ ಮೇಲ್ಮನವಿಯನ್ನು ಎರಡು ಸಂದರ್ಭಗಳಲ್ಲಿ ಕೇಳಬಹುದು ಎಂದಿತು. ಆರೋಪವೇನೆಂದು ಅವನಿಗೆ ಅರ್ಥವಾಗದಿದ್ದರೆ ಅಥವಾ ಒಪ್ಪುವ ಉದ್ದೇಶವೇ ಅವನಿಗಿಲ್ಲದಿದ್ದರೆ, ಅದು ಒಂದು. ಒಪ್ಪಿದ ಸಂಗತಿಗಳನ್ನು ಹಾಗೆಯೇ ಇಟ್ಟುಕೊಂಡರೂ ಕಾನೂನಿನ ಪ್ರಕಾರ ಅದು ಆ ಅಪರಾಧ ಆಗುವುದಿಲ್ಲವೆಂದಾದರೆ, ಅದು ಎರಡನೆಯದು.

ನಮ್ಮ ಕಾನೂನು ಏನು ಹೇಳುತ್ತದೆ?

1973ರ ದಂಡ ಪ್ರಕ್ರಿಯಾ ಸಂಹಿತೆಯ 375ನೇ ಸೆಕ್ಷನ್ ಹಾಜಿಯವರ ಪ್ರಶ್ನೆಗೆ ಹೆಚ್ಚುಕಡಿಮೆ ಹಾಜಿಯವರಂತೆಯೇ ಉತ್ತರಿಸುತ್ತದೆ. ತಪ್ಪೊಪ್ಪಿಕೊಂಡು, ಆ ಒಪ್ಪಿಗೆಯ ಮೇಲೆಯೇ ಸೆಷನ್ಸ್ ನ್ಯಾಯಾಲಯದಿಂದ ದೋಷಿಯೆನಿಸಿದವನು ಶಿಕ್ಷೆಯ ಪ್ರಮಾಣ ಅಥವಾ ಅದರ ಕಾನೂನುಬದ್ಧತೆಯ ಬಗ್ಗೆ ಮಾತ್ರ ಮೇಲ್ಮನವಿ ಸಲ್ಲಿಸಬಹುದು. ‘ನಾನು ದೋಷಿಯಲ್ಲ’ ಎಂದು ಹೇಳಲು ಹೋಗುವಂತಿಲ್ಲ. ಈಗಿನ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 416ನೇ ಸೆಕ್ಷನ್ ಇದನ್ನೇ ಉಳಿಸಿಕೊಂಡಿದೆ.

ಹಾಗಾದರೆ ಬಾಗಿಲು ಪೂರ್ತಿ ಮುಚ್ಚಿತೇ? ಇಲ್ಲ. ಕಾನೂನು ಎಚ್ಚರಿಕೆಯನ್ನು ಬೇರೆ ಕಡೆ ಇಟ್ಟಿದೆ. ಹಳೆಯ ಸಂಹಿತೆಯ 229ನೇ, ಹೊಸದರ 252ನೇ ಸೆಕ್ಷನ್ ಪ್ರಕಾರ ಆರೋಪಿ ತಪ್ಪೊಪ್ಪಿಕೊಂಡರೆ ನ್ಯಾಯಾಧೀಶರು ಅದನ್ನು ದಾಖಲಿಸಲೇಬೇಕು. ಆದರೆ ಅದರ ಮೇಲೆ ಅವನನ್ನು ದೋಷಿಯೆಂದು ಘೋಷಿಸಲೇಬೇಕೆಂದಿಲ್ಲ. ಅದು ಅವರ ವಿವೇಚನೆಗೆ ಬಿಟ್ಟದ್ದು. ಕೊಲೆಯಂಥ ಪ್ರಕರಣದಲ್ಲಿ ಬರೀ ಒಪ್ಪಿಗೆಯ ಮೇಲೆ ಶಿಕ್ಷೆ ವಿಧಿಸದೆ ಸಾಕ್ಷಿಗಳನ್ನು ಕರೆಸಿ ವಿಚಾರಣೆ ನಡೆಸುವುದೇ ಉತ್ತಮ ಎಂಬುದು ನಮ್ಮ ಉಚ್ಚ ನ್ಯಾಯಾಲಯಗಳು ಬ್ರಿಟಿಷರ ಕಾಲದಿಂದ ಹೇಳುತ್ತಾ ಬಂದ ಮಾತು. ಹಾಗೆ ವಿಚಾರಣೆ ನಡೆದು ಸಾಕ್ಷ್ಯದ ಮೇಲೆ ತೀರ್ಪು ಬಂದರೆ, ಮೇಲ್ಮನವಿಯ ಹಕ್ಕು ಎಲ್ಲರಂತೆ ಅವನಿಗೂ ಇರುತ್ತದೆ. ಮರಣದಂಡನೆ ವಿಧಿಸಿದರಂತೂ ಉಚ್ಚ ನ್ಯಾಯಾಲಯ ಅದನ್ನು ದೃಢೀಕರಿಸದೆ ಜಾರಿಗೊಳಿಸುವಂತೆಯೇ ಇಲ್ಲ.

ಪೊಲೀಸರೆದುರು ಕೊಟ್ಟ ತಪ್ಪೊಪ್ಪಿಗೆಗೆ ನಮ್ಮ ಸಾಕ್ಷ್ಯ ಕಾನೂನು 1872ರಿಂದಲೂ ಬೆಲೆ ಕೊಟ್ಟಿಲ್ಲ. ಠಾಣೆಯ ಕೋಣೆಯಲ್ಲಿ ಏನೇನು ನಡೆಯಬಹುದೆಂದು ಆ ಕಾನೂನನ್ನು ಬರೆದ ಬ್ರಿಟಿಷರಿಗೂ ಗೊತ್ತಿತ್ತು. ಮ್ಯಾಜಿಸ್ಟ್ರೇಟರು ತಪ್ಪೊಪ್ಪಿಗೆ ದಾಖಲಿಸುವ ಮೊದಲು ‘ನೀನು ಹೇಳಲೇಬೇಕೆಂದಿಲ್ಲ, ಹೇಳಿದರೆ ಅದನ್ನು ನಿನ್ನ ವಿರುದ್ಧವೇ ಬಳಸಬಹುದು’ ಎಂದು ಎಚ್ಚರಿಸಬೇಕು. ಸಂವಿಧಾನದ 20ನೇ ವಿಧಿ ಯಾರನ್ನೂ ತನ್ನ ವಿರುದ್ಧ ತಾನೇ ಸಾಕ್ಷಿ ಹೇಳುವಂತೆ ಬಲವಂತಪಡಿಸಬಾರದು ಎನ್ನುತ್ತದೆ. ಇಷ್ಟೊಂದು ಬೇಲಿಗಳು ಯಾಕೆ? ತಪ್ಪೊಪ್ಪಿಗೆಯೆಂಬುದು ಸತ್ಯಕ್ಕೆ ಹತ್ತಿರದ ದಾರಿಯಾಗಿ ಕಂಡರೂ ಸುಳ್ಳಿಗೂ ಅಷ್ಟೇ ಹತ್ತಿರದ ದಾರಿಯಾಗಬಲ್ಲದೆಂದು ಅನುಭವ ಕಲಿಸಿದ್ದರಿಂದ.

ಇದಕ್ಕೆ ನಮ್ಮ ಕಾಲದ ದೊಡ್ಡ ಉದಾಹರಣೆ ಅಜ್ಮಲ್ ಕಸಬ್‌ನ ಪ್ರಕರಣ. 2008ರ ನವೆಂಬರ್ 26ರಂದು ಮುಂಬೈಯಲ್ಲಿ ಆರಂಭವಾಗಿ 166 ಮಂದಿಯನ್ನು ಬಲಿ ತೆಗೆದುಕೊಂಡ ದಾಳಿಯಲ್ಲಿ ಜೀವಂತ ಸೆರೆ ಸಿಕ್ಕ ಏಕೈಕ ದಾಳಿಕೋರ ಆತ. ಮೊದಲು ಆರೋಪ ನಿರಾಕರಿಸಿದ್ದವನು ವಿಚಾರಣೆಯ ನಡುವೆ, 2009ರ ಜುಲೈ 20ರಂದು, ದಿಢೀರನೆ ಎದ್ದು ತಪ್ಪೊಪ್ಪಿಕೊಂಡ. ದೇಶದ ಬಹುಪಾಲು ಜನ ಅಂದು ‘ಇನ್ನೇಕೆ ವಿಚಾರಣೆ?’ ಎಂದೇ ಕೇಳಿದರು. ಆದರೆ ನ್ಯಾಯಾಧೀಶ ತಹಲಿಯಾನಿಯವರು ಆ ಹೇಳಿಕೆಯನ್ನು ದಾಖಲೆಯಲ್ಲಿಟ್ಟುಕೊಂಡು ವಿಚಾರಣೆಯನ್ನು ಮುಂದುವರಿಸಿದರು. ಅದೇ ವರ್ಷದ ಡಿಸೆಂಬರ್‌ನಲ್ಲಿ ಆತ ಒಪ್ಪಿಗೆಯನ್ನು ಹಿಂತೆಗೆದುಕೊಂಡ. 2010ರ ಮೇಯಲ್ಲಿ ಮರಣದಂಡನೆ, 2011ರ ಫೆಬ್ರವರಿಯಲ್ಲಿ ಮುಂಬೈ ಹೈಕೋರ್ಟ್, 2012ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್. ಎಲ್ಲ ಹಂತದಲ್ಲೂ ಅವನ ಪರ ವಾದಿಸಲು ವಕೀಲರನ್ನು ಒದಗಿಸಿ, ಮಾತು ಕೇಳಿ, 2012ರ ನವೆಂಬರ್ 21ರಂದು ಗಲ್ಲಿಗೇರಿಸಲಾಯಿತು.

ಕಸಬ್‌ಗೆ ಇಷ್ಟೆಲ್ಲ ಯಾಕೆ ಎಂದು ಕೋಪಗೊಂಡವರಿದ್ದರು. ಅವರ ಕೋಪದ ಹಿಂದೆ ಸತ್ತವರ ನೋವಿತ್ತು, ಅದನ್ನು ಹಗುರಾಗಿ ಕಾಣಬಾರದು. ಆದರೆ ಕ್ಯಾಮರಾ ಕಣ್ಣಿಗೆ ಬಿದ್ದ ಹಂತಕನ ಒಪ್ಪಿಗೆಯನ್ನೇ ಈ ದೇಶದ ನ್ಯಾಯಾಲಯ ಅಡ್ಡದಾರಿಯಾಗಿ ಬಳಸಿಕೊಳ್ಳಲಿಲ್ಲ ಎಂಬುದು ನಮಗೆ ಹೆಮ್ಮೆಯ ವಿಷಯ. ಅವನಿಗೆ ಸಿಕ್ಕಿದ್ದು ಯಾವ ಊರಿನ, ಯಾವ ಧರ್ಮದ, ಯಾವ ಬಡವನಿಗೂ ಸಿಗಬೇಕು ಎಂದು ಕೇಳುವ ಹಕ್ಕು ನಮಗೆ ಬಂದದ್ದೂ ಅದರಿಂದಲೇ.

ಕೊಟ್ಟ ಮಾತು ಯಾರದು?

ನಮ್ಮ ರಾಜ್ಯದಿಂದಲೇ ಸುಪ್ರೀಂ ಕೋರ್ಟಿಗೆ ಹೋದ ಒಂದು ಪ್ರಕರಣ ಇನ್ನೊಂದು ಮಗ್ಗುಲನ್ನು ತೋರಿಸುತ್ತದೆ. ತಿಪ್ಪಸ್ವಾಮಿ ವಿರುದ್ಧ ಕರ್ನಾಟಕ ರಾಜ್ಯ ಎಂಬುದು ಅದರ ಹೆಸರು. ಅದು ಕೊಲೆಯದಲ್ಲ, ನಿರ್ಲಕ್ಷ್ಯದಿಂದ ಸಾವು ಸಂಭವಿಸಿದ ಪ್ರಕರಣ. ಹಗುರ ಶಿಕ್ಷೆಯ ಭರವಸೆಯ ಮೇಲೆ ಆರೋಪಿ ತಪ್ಪೊಪ್ಪಿಕೊಂಡ. ಮೇಲಿನ ನ್ಯಾಯಾಲಯ ಶಿಕ್ಷೆಯನ್ನು ಹೆಚ್ಚಿಸಿತು. ಆಸೆ ತೋರಿಸಿ ಒಪ್ಪಿಸಿ, ಆಮೇಲೆ ಶಿಕ್ಷೆ ಹೆಚ್ಚಿಸುವುದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದು 1980ರ ದಶಕದ ಆರಂಭದಲ್ಲೇ ಸುಪ್ರೀಂ ಕೋರ್ಟ್ ಹೇಳಿತು. 2006ರ ಜುಲೈಯಲ್ಲಿ ನಮ್ಮಲ್ಲೂ ಒಪ್ಪಂದದ ತಪ್ಪೊಪ್ಪಿಗೆ ಕಾನೂನಾಗಿ ಬಂದಾಗ, ಏಳು ವರ್ಷಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳನ್ನು ಅದರಿಂದ ಹೊರಗಿಟ್ಟರು. ಹಾಗಾಗಿ ಕೊಲೆಯ ಬಗ್ಗೆ ಚೌಕಾಸಿ ಮಾಡುವ ಅಧಿಕೃತ ದಾರಿ ನಮ್ಮಲ್ಲಿಲ್ಲ.

ಅನಧಿಕೃತ ದಾರಿ? ‘ಒಪ್ಪಿಕೋ, ಜಡ್ಜಿಗೆ ಕರುಣೆ ಬರುತ್ತದೆ’ ಎಂದು ಕಿವಿಯಲ್ಲಿ ಹೇಳುವವರಿಗೆ ಎಲ್ಲಿ ಬರಗಾಲ? ಜಾಮೀನಿಗೆ ಹಣವಿಲ್ಲದೆ ವರ್ಷಗಟ್ಟಲೆ ಒಳಗಿರುವವನಿಗೆ, ಭಾಷೆ ಬಾರದ ವಲಸೆ ಕಾರ್ಮಿಕನಿಗೆ, ತನ್ನ ವಕೀಲರ ಮುಖವನ್ನೇ ಸರಿಯಾಗಿ ನೋಡದವನಿಗೆ, ಒಪ್ಪಿಗೆ ಎಂಬುದು ಪಶ್ಚಾತ್ತಾಪವಾಗಿರದೆ ಬರೀ ಸುಸ್ತು ಆಗಿರಬಹುದು.

ಸುಳ್ಳು ಒಪ್ಪಿಗೆಗೆ ಬೆಲೆ ತೆರುವವನು ಒಪ್ಪಿದವನೊಬ್ಬನೇ ಅಲ್ಲ. ಅಮೆರಿಕದ ಟೆಕ್ಸಾಸ್ ರಾಜ್ಯದ ಆಸ್ಟಿನ್ ನಗರದಲ್ಲಿ 1988ರಲ್ಲಿ ಒಬ್ಬ ಯುವತಿಯ ಕೊಲೆಯಾಯಿತು. ಕ್ರಿಸ್ಟೋಫರ್ ಒಚೋವಾ ಎಂಬ 22ರ ಯುವಕನಿಗೆ ಪೊಲೀಸರು ಮರಣದಂಡನೆಯ ಭಯ ತೋರಿಸಿದರು. ಆತ ಮಾಡದ ಕೊಲೆಯನ್ನು ಒಪ್ಪಿಕೊಂಡ. ಅಷ್ಟೇ ಅಲ್ಲ, ಒಪ್ಪಂದದಂತೆ ತನ್ನ ಗೆಳೆಯ ರಿಚರ್ಡ್ ಡ್ಯಾಂಜಿಗರ್‌ನ ವಿರುದ್ಧ ನ್ಯಾಯಾಲಯದಲ್ಲಿ ಸಾಕ್ಷಿಯನ್ನೂ ನುಡಿದ. ಇಬ್ಬರಿಗೂ ಜೀವಾವಧಿಯಾಯಿತು. ಡ್ಯಾಂಜಿಗರ್‌ನನ್ನು ಜೈಲಿನಲ್ಲಿ ಇನ್ನೊಬ್ಬ ಕೈದಿ ತಲೆಗೆ ಒದ್ದು ಮೆದುಳಿಗೆ ಶಾಶ್ವತ ಪೆಟ್ಟಾಯಿತು. ನಿಜವಾದ ಕೊಲೆಗಾರ ಬೇರೊಂದು ಅಪರಾಧಕ್ಕಾಗಿ ಜೈಲಿನಲ್ಲಿದ್ದ. 1990ರ ದಶಕದಲ್ಲಿ ಅವನೇ ಅಧಿಕಾರಿಗಳಿಗೆ ಪತ್ರ ಬರೆದು, ಕೊಂದವನು ನಾನು, ಒಳಗಿರುವವರು ನಿರಪರಾಧಿಗಳು ಎಂದು ತಿಳಿಸಿದ. ಕೊನೆಗೆ ಡಿಎನ್‌ಎ ಪರೀಕ್ಷೆ ಅದನ್ನು ಸಾಬೀತುಪಡಿಸಿತು. ಒಚೋವಾ 2001ರ ಜನವರಿಯಲ್ಲಿ ಹೊರಬಂದ. ಮುಂದೆ ಕಾನೂನು ಓದಿ 2006ರಲ್ಲಿ ಪದವಿ ಪಡೆದ. ಡ್ಯಾಂಜಿಗರ್‌ಗೆ ಬಿಡುಗಡೆ ಸಿಕ್ಕಿತು, ಆದರೆ ಮೊದಲಿನ ಬದುಕು ಸಿಗಲಿಲ್ಲ.

‘ಒಪ್ಪಿದವನು ಅನುಭವಿಸಲಿ’ ಎಂದು ಬಾಗಿಲು ಮುಚ್ಚುವಾಗ ಆ ಬಾಗಿಲ ಹಿಂದೆ ಇನ್ನೊಬ್ಬನೂ ಸಿಕ್ಕಿಬಿದ್ದಿರಬಹುದು ಎಂಬುದನ್ನು ಈ ಘಟನೆ ಹೇಳುತ್ತದೆ. ಸತ್ಯ ಎಂಬುದು ಆರೋಪಿಯ ಖಾಸಗಿ ಆಸ್ತಿಯಲ್ಲ, ಬೇಕೆಂದಾಗ ಬರೆದುಕೊಡಲು. ಸತ್ತವನಿಗೂ, ಸತ್ತವನ ಮನೆಯವರಿಗೂ, ನಾಳೆ ನಿಜವಾದ ಕೊಲೆಗಾರನ ಕೈಗೆ ಸಿಗಬಹುದಾದವರಿಗೂ ಅದರಲ್ಲಿ ಪಾಲಿದೆ.

ಕಟುಕನ ಕತ್ತಿ

ಇಸ್ಲಾಮೀ ನ್ಯಾಯಶಾಸ್ತ್ರ ಈ ಪ್ರಶ್ನೆಯನ್ನು ಎದುರಿಸಿದ ಬಗೆ ಗಮನಾರ್ಹ. ಮಾಇಝ್ ಎಂಬವರು ಪ್ರವಾದಿ ಮುಹಮ್ಮದ್(ಸ)ರ ಬಳಿ ಬಂದು ವ್ಯಭಿಚಾರವನ್ನು ತಾವಾಗಿಯೇ ಒಪ್ಪಿಕೊಂಡ ಘಟನೆ ಹದೀಸ್ ಗ್ರಂಥಗಳಲ್ಲಿದೆ. ಪ್ರವಾದಿ(ಸ) ಮತ್ತೆ ಮತ್ತೆ ಮುಖ ತಿರುಗಿಸಿದರು. ಈತನಿಗೆ ಬುದ್ಧಿ ಸ್ಥಿಮಿತವಿದೆಯೇ, ಅಮಲಿನಲ್ಲಿದ್ದಾನೆಯೇ ಎಂದು ವಿಚಾರಿಸಿದರು. ಶಿಕ್ಷೆಯ ವೇಳೆ ಆತ ಓಡಲೆತ್ನಿಸಿದ ಸುದ್ದಿ ತಿಳಿದಾಗ, ಯಾಕೆ ಅವನನ್ನು ಬಿಟ್ಟುಬಿಡಲಿಲ್ಲ ಎಂದು ಕೇಳಿದರು. ಅಲ್ಲಾಹನ ಹಕ್ಕಿಗೆ ಸಂಬಂಧಿಸಿದ ಅಪರಾಧಗಳಲ್ಲಿ ಒಪ್ಪಿಕೊಂಡವನು ಹಿಂದೆ ಸರಿದರೆ ಅದನ್ನು ಮನ್ನಿಸಬೇಕೆಂಬ ನಿಲುವಿಗೆ ವಿದ್ವಾಂಸರು ಇದನ್ನೇ ಆಧಾರವಾಗಿಟ್ಟುಕೊಂಡರು. ಆದರೆ ಕೊಲೆಯ ವಿಷಯದಲ್ಲಿ ಅವರು ಅಷ್ಟು ಸಡಿಲವಾಗಲಿಲ್ಲ. ಅದು ಮನುಷ್ಯರ ಹಕ್ಕು, ಸತ್ತವನ ವಾರಸುದಾರರಿಗೆ ಅದರಲ್ಲಿ ನ್ಯಾಯ ಸಲ್ಲಬೇಕು. ಆದ್ದರಿಂದ ಒಪ್ಪಿದವನು ಬರೀ ‘ಇಲ್ಲ’ ಎಂದ ಮಾತ್ರಕ್ಕೆ ಬಿಡಲಾಗದು ಎಂದರು. ಹಾಜಿಯವರ ಪ್ರಶ್ನೆಯಲ್ಲಿರುವ ನ್ಯಾಯವೂ ಇದೇ.

ಹಾಗಿದ್ದೂ ಹಝ್ರತ್ ಅಲೀ(ರ)ರ ಕಾಲದ ಒಂದು ಘಟನೆಯನ್ನು ಇಬ್ನುಲ್ ಖಯ್ಯಿಮ್ ದಾಖಲಿಸಿದ್ದಾರೆ. ಪಾಳುಬಿದ್ದ ಜಾಗವೊಂದರಲ್ಲಿ ರಕ್ತದ ಮಡುವಿನಲ್ಲಿ ಹೆಣ, ಎದುರಿಗೆ ರಕ್ತಸಿಕ್ತ ಕತ್ತಿ ಹಿಡಿದ ಒಬ್ಬಾತ. ಹಿಡಿದು ತಂದರು. ‘ನಾನೇ ಕೊಂದೆ’ ಎಂದ. ಶಿಕ್ಷೆಗೆ ಒಯ್ಯುತ್ತಿದ್ದಾಗ ಇನ್ನೊಬ್ಬ ಓಡಿ ಬಂದು, ಅವನಲ್ಲ, ಕೊಂದವನು ನಾನು ಎಂದ. ಅಲೀ(ರ) ಮೊದಲಿನವನನ್ನು ಕೇಳಿದರು: ಮತ್ತೆ ನೀನೇಕೆ ಒಪ್ಪಿಕೊಂಡೆ? ಆತ ಹೇಳಿದ: ನಾನು ಕಟುಕ. ಬೆಳಗಿನ ಜಾವ ದನ ಕೊಯ್ದು ಚರ್ಮ ಸುಲಿಯುತ್ತಿದ್ದಾಗ ಮೂತ್ರಕ್ಕೆಂದು ಆ ಪಾಳು ಜಾಗಕ್ಕೆ ಹೋದೆ. ಕತ್ತಿ ಕೈಯಲ್ಲೇ ಇತ್ತು. ಹೆಣ ಕಂಡು ಬೆಚ್ಚಿ ನಿಂತಿದ್ದಾಗಲೇ ನಿಮ್ಮವರು ಬಂದರು. ಈ ಸ್ಥಿತಿಯಲ್ಲಿ ನನ್ನ ಮಾತನ್ನು ಯಾರು ನಂಬುತ್ತಾರೆ? ಹಾಗಾಗಿ ಮಾಡದ್ದನ್ನು ಒಪ್ಪಿಕೊಂಡು ಅಲ್ಲಾಹನಿಗೆ ಬಿಟ್ಟೆ. ಅಲೀ(ರ) ತಮ್ಮ ಮಗ ಹಸನ್(ರ)ರ ಅಭಿಪ್ರಾಯ ಕೇಳಿದರು. ಎರಡನೆಯವನು ಒಂದು ಜೀವ ತೆಗೆದಿದ್ದರೂ ಒಂದು ಜೀವವನ್ನು ಉಳಿಸಿದ್ದಾನೆ ಎಂದು, ಜೀವ ಉಳಿಸುವುದರ ಕುರಿತಾದ ಕುರ್‌ಆನಿನ ಮಾತನ್ನು ಅವರು ನೆನಪಿಸಿದರು. ಇಬ್ಬರನ್ನೂ ಬಿಟ್ಟು, ಸತ್ತವನ ರಕ್ತ ಪರಿಹಾರವನ್ನು ಸಾರ್ವಜನಿಕ ಖಜಾನೆಯಿಂದ ಕೊಡಲಾಯಿತು.

ಈ ಕಟುಕನನ್ನು ಯಾರೂ ಹೊಡೆದಿರಲಿಲ್ಲ. ಯಾರೂ ಆಸೆ ತೋರಿಸಿರಲಿಲ್ಲ. ತನ್ನ ಮಾತು ನಡೆಯುವುದಿಲ್ಲ ಎಂಬ ನಿರಾಶೆಯೊಂದೇ ಅವನಿಂದ ‘ನಾನೇ’ ಎನ್ನಿಸಿತು. ನ್ಯಾಯದ ಮೇಲೆ ಜನರಿಗೆ ನಂಬಿಕೆ ಇಲ್ಲವಾದಾಗ ಒಪ್ಪಿಗೆಗಳು ಹೆಚ್ಚಾಗುತ್ತವೆ. ಅವುಗಳನ್ನು ನೋಡಿ ನ್ಯಾಯ ಚುರುಕಾಗಿದೆ ಎಂದು ನಾವು ಭ್ರಮಿಸಬಾರದು. ಇನ್ನೂ ಒಂದು ಮಾತು: ಅವನು ಉಳಿದದ್ದು ತನ್ನ ಪ್ರಯತ್ನದಿಂದಲ್ಲ, ಬೇರೊಬ್ಬನ ಆತ್ಮಸಾಕ್ಷಿಯಿಂದ. ಎಲ್ಲ ಕಾಲದಲ್ಲೂ ಅಂಥವನು ಓಡಿ ಬರುತ್ತಾನೆಂದು ನೆಚ್ಚಿ ಕೂರಲಾಗದು. ಅದಕ್ಕಾಗಿಯೇ ಮೇಲ್ಮನವಿ ಇರಬೇಕು.

ಸತ್ತವನ ತಾಯಿಗೆ ಏನು ಹೇಳೋಣ?

ಎದುರು ಪಕ್ಷದ ಮಾತನ್ನೂ ಕೇಳಬೇಕು. ಮಗನನ್ನು ಕಳೆದುಕೊಂಡ ತಾಯಿಗೆ, ಕೊಂದವನು ಒಪ್ಪಿಕೊಂಡ ದಿನ ಒಂದು ನೆಮ್ಮದಿ. ಸಾಕ್ಷಿ ಕಟ್ಟೆಯಲ್ಲಿ ನಿಂತು ಮಗನ ಗಾಯಗಳನ್ನು ಮತ್ತೆ ವಿವರಿಸುವ ನರಕ ತಪ್ಪಿತು. ನಾಲ್ಕು ವರ್ಷದ ನಂತರ ಅದೇ ಮನುಷ್ಯ ‘ನಾನಲ್ಲ’ ಎಂದು ಬಂದರೆ ಆಕೆಯ ಗಾಯ ಮತ್ತೆ ಬಿರಿಯುತ್ತದೆ. ಅಷ್ಟರಲ್ಲಿ ಸಾಕ್ಷಿಗಳು ಸತ್ತಿರುತ್ತಾರೆ, ಊರು ಬಿಟ್ಟಿರುತ್ತಾರೆ, ಮರೆತಿರುತ್ತಾರೆ. ಇದನ್ನೇ ಲೆಕ್ಕ ಹಾಕಿ ಮೊದಲು ಒಪ್ಪಿ, ಆಮೇಲೆ ನಿರಾಕರಿಸುವ ಚಾಲಾಕಿಗಳೂ ಇರಬಹುದು. ಯಾವ ವಿವಾದಕ್ಕೂ ಎಲ್ಲಾದರೂ ಒಂದು ಕೊನೆ ಬೇಡವೇ?

ಬೇಕು. ಆದ್ದರಿಂದಲೇ ಒಪ್ಪಿದವನು ಹಾಗೆಯೇ ಮಾತು ಬದಲಿಸಲು ಬಿಡಬಾರದು. ನಿನ್ನ ಒಪ್ಪಿಗೆ ಯಾಕೆ ಒಪ್ಪಿಗೆಯಲ್ಲ ಎಂಬುದನ್ನು ಅವನೇ ತೋರಿಸಬೇಕು. ಭಯವಿತ್ತೇ, ಆಮಿಷವಿತ್ತೇ, ಭಾಷೆ ತಿಳಿಯಲಿಲ್ಲವೇ, ವಕೀಲರಿರಲಿಲ್ಲವೇ, ಹೊಸ ಸಾಕ್ಷ್ಯ ಬಂದಿದೆಯೇ? ಇವುಗಳಲ್ಲಿ ಯಾವುದೂ ಇಲ್ಲದಿದ್ದರೆ ಮೇಲ್ಮನವಿಯನ್ನು ತಳ್ಳಿಹಾಕಲಿ. ಬಾಗಿಲು ಇರಬೇಕು ಎನ್ನುವುದಕ್ಕೂ ಬಂದವರನ್ನೆಲ್ಲ ಒಳಗೆ ಬಿಡಬೇಕು ಎನ್ನುವುದಕ್ಕೂ ವ್ಯತ್ಯಾಸವಿದೆ. ಆ ತಾಯಿಗೂ ಹೇಳಬೇಕಾದ ಮಾತು ಒಂದೇ: ಅಮ್ಮಾ, ನಿನಗೆ ಸಲ್ಲಬೇಕಾದದ್ದು ಯಾರದೋ ಒಪ್ಪಿಗೆಯಲ್ಲ, ನಿನ್ನ ಮಗನನ್ನು ಕೊಂದವನಿಗೆ ಶಿಕ್ಷೆ. ತಪ್ಪು ಮನುಷ್ಯ ಒಳಗಿದ್ದರೆ ನಿನ್ನ ಮಗನ ಕೊಲೆಗಾರ ಹೊರಗಿದ್ದಾನೆ. ಮೊದಲ ದಿನವೇ ಸಾಕ್ಷ್ಯವನ್ನು ಸರಿಯಾಗಿ ಕೇಳಿದ್ದರೆ ನಿನಗೆ ಈ ಎರಡನೇ ನೋವು ಬರುತ್ತಿರಲಿಲ್ಲ.

ಇನ್ನು ನಿಜವಾಗಿಯೂ ಕೊಂದು, ಮನಸಾರೆ ಒಪ್ಪಿಕೊಂಡವನು? ಅವನು ಮೇಲ್ಮನವಿ ಹಾಕಿದರೆ ಅವನ ಪಶ್ಚಾತ್ತಾಪ ಸುಳ್ಳಾಗುತ್ತದೆಯೇ? ನನಗೆ ಹಾಗನ್ನಿಸುವುದಿಲ್ಲ. ತಪ್ಪನ್ನು ಒಪ್ಪುವುದೆಂದರೆ ಯಾವ ಶಿಕ್ಷೆಯಾದರೂ ಸರಿ ಎಂದು ಒಪ್ಪಿದಂತಲ್ಲ. ಪಶ್ಚಾತ್ತಾಪ ಪಟ್ಟವನೂ ತೂಕಕ್ಕೆ ತಕ್ಕ ಶಿಕ್ಷೆ ಕೇಳಬಹುದು. ನಮ್ಮ ಕಾನೂನು ಅವನಿಗೆ ಉಳಿಸಿರುವ ಹಕ್ಕೂ ಅಷ್ಟೇ. ‘ನಾನು ಮಾಡಿದೆ, ಆದರೆ ಇಷ್ಟಕ್ಕೆ ಇಷ್ಟು ಶಿಕ್ಷೆ ನ್ಯಾಯವೇ?’ ಎಂದು ಕೇಳುವವನು ಸತ್ಯದಿಂದ ಓಡುತ್ತಿಲ್ಲ.

ಈಗ ನಮ್ಮ ಮುಖ್ಯೋಪಾಧ್ಯಾಯರ ಪ್ರಶ್ನೆಗೆ ಬರುತ್ತೇನೆ. ‘ನಿನ್ನೆ ಸುಳ್ಳು ಹೇಳಿದ್ದಾ, ಇವತ್ತು ಸುಳ್ಳು ಹೇಳುವುದಾ?’ ಇಂದಾದರೆ ನಾನು ಉತ್ತರಿಸುತ್ತಿದ್ದೆ: ನಿನ್ನೆ ಹೇಳಿದ್ದು ಸುಳ್ಳು ಸಾರ್. ಆ ಸುಳ್ಳಿಗೆ ಏನು ಶಿಕ್ಷೆಯೋ ಕೊಡಿ. ಆದರೆ ಸುಳ್ಳು ಹೇಳಿದ್ದಕ್ಕೆ ಕಳ್ಳತನದ ಶಿಕ್ಷೆ ಕೊಡಬೇಡಿ. ಹುಡುಗರನ್ನು ಕತ್ತಲಾಗುವ ತನಕ ಕೂಡಿಹಾಕಿ ಒಪ್ಪಿಸಿಕೊಂಡ ಮಾತನ್ನು ಸತ್ಯವೆಂದು ನಂಬುವ ಮೊದಲು ದಯವಿಟ್ಟು ಒಮ್ಮೆ ಮೇಜಿನ ಡ್ರಾಯರನ್ನು ಪೂರ್ತಿ ಎಳೆದು ನೋಡಿ.

ಮುಂದಿನ ವಾರ ಹಾಜಿಯವರು ಸಿಕ್ಕಾಗ ಕಟುಕನ ಕಥೆಯನ್ನೂ ಪೆನ್ನಿನ ಕಥೆಯನ್ನೂ ಹೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ ಕೇಳಿದರು: ‘ಹಾಗಾದರೆ ಪೇಪರಿನಲ್ಲಿ ಇದ್ದವನು ಕೊಂದಿದ್ದಾನೋ ಇಲ್ಲವೋ?’ ನನಗೆ ಗೊತ್ತಿಲ್ಲ ಎಂದೆ. ‘ನನಗೂ ಗೊತ್ತಿಲ್ಲ, ಹಾಗಾದರೆ ಕೇಳಲಿ ಅವನ ಮಾತನ್ನು’ ಎಂದರು.